ಶ್ರೀಲತಾ ಕಟ್ಟಿದ ಬಳಗ

ಕೋಡಿಯಿಂದ ಬ್ರಹ್ಮಾವರಕ್ಕೆ ದಿನವೂ ಬಸ್ಸು ಹಿಡಿಯುವ ಶ್ರೀಲತಾಳ ಕೆಲಸ ಏನೆಂದು ಅವಳ ತಾಯಿ ಚಂದ್ರಾವತಿಗೆ ಆರು ವರ್ಷವಾದರೂ ಅರ್ಥವಾಗಿಲ್ಲ. ಹೆದ್ದಾರಿ ಪಕ್ಕದ ಕಟ್ಟಡದ ಮೂರನೇ ಮಹಡಿಯಲ್ಲಿ ಕೂತು, ಎಲ್ಲೋ ಮುಂಬೈಯ ಕಂಪನಿಗಳ ಕಂಪ್ಯೂಟರಿಗೆ ಕಳ್ಳರು ನುಗ್ಗದಂತೆ ನೋಡಿಕೊಳ್ಳುವುದು. ಸೈಬರ್ ಸೆಕ್ಯುರಿಟಿ ಅಂತ ಅದರ ಹೆಸರು. "ಕಾವಲ್ ಕಾಯುಕೆ ಎಸಿ ಎಂತಕ್ಕೆ?" ಎಂದು ಮೀನು ಮಾರುವ ಚಂದ್ರಾವತಿ ನಗುತ್ತಾಳೆ.

ಆ ಆಫೀಸಿನಲ್ಲಿ ಗಂಡಸರು ಇಪ್ಪತ್ತು, ಹೆಂಗಸರು ಐದು. ಕಂಪನಿ ಆಗಾಗ ತನ್ನವರಿಗೇ ಒಂದು ಸುಳ್ಳು ಮೇಲ್ ಕಳಿಸಿ ಪರೀಕ್ಷೆ ಮಾಡುತ್ತದೆ. ಮೋಸವೆಂದು ಗುರುತಿಸದೆ ಲಿಂಕ್ ಒತ್ತಿದವರ ಹೆಸರನ್ನು ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಶೈಲೇಶ್ ಗಟ್ಟಿಯಾಗಿ ಓದುತ್ತಾನೆ. ಗಂಡಸಿನ ಹೆಸರು ಬಂದರೆ ಪಾಪ, ಕೆಲಸದ ಒತ್ತಡ. ಹೆಂಗಸಿನ ಹೆಸರು ಬಂದರೆ ವಾರವಿಡೀ ನಗೆಯೋ ನಗೆ. ಶಂಕರನಾರಾಯಣದಿಂದ ಹೊಸದಾಗಿ ಬಂದ ಮೋಕ್ಷಿತಾ ಹೀಗೆ ಸಿಕ್ಕಿಬಿದ್ದು, ಬಾತ್‌ರೂಮಿನಲ್ಲಿ ಶ್ರೀಲತಾಳ ಹೆಗಲಿಗೊರಗಿ ಅತ್ತು, ಮುಖ ಊದಿಸಿಕೊಂಡು ಬಂದ ದಿನವೇ ಶ್ರೀಲತಾ ಐವರದ್ದೊಂದು ವಾಟ್ಸಾಪ್ ಗುಂಪು ಮಾಡಿದಳು.

ಉಪಾಯ ತಾಯಿಯ ಮೀನು ಮಾರುಕಟ್ಟೆಯದು. ಅಲ್ಲಿ ತಕ್ಕಡಿ ನೋಡುವ ಅಧಿಕಾರಿ ಬಂದರೆ ಮೊದಲು ಕಂಡವಳು "ಹ್ವಾಯ್, ಬಂಗುಡೆ ಬಂತ್!" ಎಂದು ಕೂಗುತ್ತಾಳೆ, ಸಾಲಿಗೆ ಸಾಲೇ ಎಚ್ಚರವಾಗುತ್ತದೆ. ಇಲ್ಲಿಯೂ ಹಾಗೇ: ಸುಳ್ಳು ಮೇಲ್ ಮೊದಲು ಕಂಡವಳು ಗುಂಪಿನಲ್ಲಿ "ಬಂಗುಡೆ ಬಂತ್" ಎಂದು ಹಾಕಬೇಕು. ನಿಜವಾದ ಕಳ್ಳರ ಕೈಗೇ ಯಾರಾದರೂ ಸಿಕ್ಕಿಬಿದ್ದರೆ, ಗೊತ್ತಾದವಳು ಕೂಡಲೇ ಫೋನ್ ಮಾಡಿ ಪಾಸ್‌ವರ್ಡ್ ಬದಲಿಸಲು ಹೇಳಬೇಕು, ಹೆಸರು ಮೇಲಿನವರಿಗೆ ಹೋಗಬಾರದು. ಶ್ರೀಲತಾ ಹಾಗೆ ಮೋಕ್ಷಿತಾಳೂ ಸೇರಿ ಮೂವರನ್ನು ಉಳಿಸಿದ್ದಳು. ಮೂರು ವರ್ಷ ಸೋಮವಾರದ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಬರಲಿಲ್ಲ.

ಆದರೆ ಆ ಗುಂಪು ಅವಳ ಕಣ್ಣನ್ನೇ ಸೋಮಾರಿ ಮಾಡಿತು. ಮೊದಲೆಲ್ಲ ಯಾವ ಮೇಲ್ ಬಂದರೂ ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರ ಓದುತ್ತಿದ್ದವಳು, ಈಗ ಫೋನ್ ನೋಡುತ್ತಿದ್ದಳು. ಗುಂಪು ಸುಮ್ಮನಿದ್ದರೆ ಮೇಲ್ ಸಾಚಾ. ಊರವರ ಬೀಗ ಕಾಯುವವಳು ತನ್ನ ಮನೆಯ ಬೀಗದ ಕೈಯನ್ನು ನಾಲ್ವರ ಕೈಗೆ ಕೊಟ್ಟು ಕೂತಳು. ಇದಕ್ಕಿಂತ ದಡ್ಡತನ ಉಂಟೇ?

ಹೋದ ವರ್ಷ ಒಂದು ಖಾಯಂ ಹುದ್ದೆ ಬಂತು, ಟೀಮ್ ಲೀಡ್. ಐವರೂ ಕಾಂಟ್ರಾಕ್ಟಿನವರು, ಯಾವ ತಿಂಗಳು ಬೇಕಾದರೂ ಮನೆಗೆ ಕಳಿಸಬಹುದು. ಅನುಭವದಲ್ಲಿ ಶ್ರೀಲತಾಳೇ ಮುಂದು, ಅವಳ ಹಿಂದೆ ವಂಡ್ಸೆಯ ನವ್ಯಾ; ಹುದ್ದೆ ಅವಳದೇ ಎಂದು ಶೈಲೇಶನೇ ಹೇಳಿದ್ದ. ಒಂದೇ ಷರತ್ತು, ಆ ವರ್ಷದ ಸೋಮವಾರದ ಪಟ್ಟಿಯಲ್ಲಿ ಹೆಸರು ಇರಬಾರದು.

ದೀಪಾವಳಿ ರಜೆಯ ಪಟ್ಟಿ ಎಂದು ಒಂದು ಮೇಲ್ ಬಂತು. ಶ್ರೀಲತಾ ಫೋನ್ ನೋಡಿದಳು. ಗುಂಪಿನಲ್ಲಿ ಏನೂ ಇರಲಿಲ್ಲ. ಲಿಂಕ್ ಒತ್ತಿದಳು.

ಸೋಮವಾರ ಶೈಲೇಶ್ ಓದಿದ್ದು ಒಂದೇ ಹೆಸರು. ಗಂಡಸರ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾಲ್ವರು ಹೆಂಗಸರು ತಲೆ ಎತ್ತಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಮೋಕ್ಷಿತಾಳ ಕೈ ಹಿಡಿದು ನಿಲ್ಲಿಸಿದಳು. "ನಿಮ್ಗೆಲ್ಲ ಆ ಮೇಲ್ ಬರ್ಲಿಲ್ಯಾ?"

ಮೋಕ್ಷಿತಾ ತನ್ನ ಫೋನ್ ಕೊಟ್ಟಳು. ಅದರಲ್ಲಿ ಬೇರೆಯೇ ಒಂದು ಗುಂಪು, ನಾಲ್ವರದ್ದು ಮಾತ್ರ. ನವ್ಯಾ ಹಾಕಿದ್ದಳು: "ಬಂಗುಡೆ ಬಂತ್. ಶ್ರೀಲತಕ್ಕಂಗ್ ಹೇಳುಕಾಗ." ಕೆಳಗೆ ಒಪ್ಪಿಗೆಯ ಮೂರು ಹೆಬ್ಬೆರಳು. ಒಂದು ಮೋಕ್ಷಿತಾಳದು.

"ನಾ ಎಂತ ಮಾಡೂದ್ ಅಕ್ಕ, ನವ್ಯಕ್ಕ ಹೇಳ್ರ್. ಆ ಹುದ್ದೆ ನಿಮ್ಗೇ ಸಿಕ್ರೆ ನಮ್ಗ್ ಎಂತ ಇತ್ತ್?"

ಹುದ್ದೆ ನವ್ಯಾಳಿಗೆ ಹೋಯಿತು. ಮಹಿಳಾ ದಿನಾಚರಣೆಯಂದು ಕೇಕ್ ಕತ್ತರಿಸಿ, ಹೆಂಗಸರಿಗೆ ಹೆಂಗಸರೇ ಆಸರೆ ಎಂದು ಭಾಷಣವನ್ನೂ ಬಿಗಿದಳು ಮಹಾರಾಯ್ತಿ. ಶ್ರೀಲತಾ ಕೆಲಸ ಬಿಡಲಿಲ್ಲ, ಬಿಟ್ಟರೆ ತಿನ್ನುವುದೇನು? ದಿನವೂ ಬಂದಳು, ನಾಲ್ವರೊಂದಿಗೂ ನಗುನಗುತ್ತ ಮಾತಾಡಿದಳು, ಒಳಗೊಳಗೇ ಅವರನ್ನು ದ್ವೇಷಿಸಿದಳು. ಎಲ್ಲರಿಗಿಂತ ಹೆಚ್ಚು ಮೋಕ್ಷಿತಾಳನ್ನು. ನವ್ಯಾ ಎಂದೂ ಅವಳ ಹೆಗಲ ಮೇಲೆ ಅತ್ತವಳಲ್ಲ.

ಏಪ್ರಿಲಿನ ಒಂದು ಬೆಳಿಗ್ಗೆ ಶ್ರೀಲತಾಳ ಪರದೆಯ ಮೇಲೆ ಕೆಂಪು ಸೂಚನೆ ಮಿನುಗಿತು. ಮೋಕ್ಷಿತಾ ಯಾವುದೋ ನಕಲಿ ಪುಟದಲ್ಲಿ ತನ್ನ ಪಾಸ್‌ವರ್ಡ್ ಬರೆದಿದ್ದಳು. ಇದು ಪರೀಕ್ಷೆಯಲ್ಲ, ಅಸಲಿ ಕಳ್ಳರು. ಹತ್ತು ನಿಮಿಷದೊಳಗೆ ಒಂದು ಫೋನ್ ಸಾಕಿತ್ತು. ಮೋಕ್ಷಿತಾ ನಾಲ್ಕು ಕುರ್ಚಿ ಆಚೆ ಕೂತು ಚಹಾ ಕುಡಿಯುತ್ತಿದ್ದಳು.

ಶ್ರೀಲತಾ ಮೋಕ್ಷಿತಾಳ ಕಂಪ್ಯೂಟರಿನ ಸಂಪರ್ಕ ಕಡಿದಳು. ಆಮೇಲೆ ವರದಿ ಬರೆದಳು: ಪೂರ್ತಿ ಹೆಸರು, ಗಂಟೆ, ನಿಮಿಷ, ಹಿಂದೆ ಗುಟ್ಟಾಗಿ ತಾನೇ ಮುಚ್ಚಿಟ್ಟಿದ್ದ ಮೋಕ್ಷಿತಾಳ ಇಂಥದೇ ಇನ್ನೊಂದು ತಪ್ಪು ಕೂಡ. ಶೈಲೇಶನಿಗೆ ಕಳಿಸಿದಳು. ಆ ಹಳೆಯ ತಪ್ಪಿನಲ್ಲಿ ತನ್ನ ಪಾಲೂ ಇದೆಯೆಂದು ಅವಳಿಗೆ ಗೊತ್ತಿತ್ತು. ಇರಲಿ ಎಂದುಕೊಂಡಳು.

ಹನ್ನೆರಡೂವರೆಗೆ ಮೋಕ್ಷಿತಾಳನ್ನು ಕರೆದು, ನಾಳೆಯಿಂದ ಬರಬೇಡವೆಂದು ಆಫೀಸಿನ ಕಾರ್ಡ್ ವಾಪಸು ತೆಗೆದುಕೊಂಡರು. ಶ್ರೀಲತಾಳಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಮೋಕ್ಷಿತಾ ಬ್ಯಾಗ್ ಹಿಡಿದು ಅವಳ ಕುರ್ಚಿಯ ಹತ್ತಿರ ಬಂದಳು, ಕಣ್ಣು ಕೆಂಪಾಗಿತ್ತು.

"ಅಕ್ಕ, ನಂಗೊಂದ್ ಮಾತ್ ಹೇಳುಕ್ ಆತಿರ್ಲಿಲ್ಯಾ?"

"ಆತಿತ್ತ್."

ಮೋಕ್ಷಿತಾ ಮೆಟ್ಟಿಲಿಳಿದು ಹೋದ ಮೇಲೆ ಶ್ರೀಲತಾ ಬುತ್ತಿ ಬಿಚ್ಚಿದಳು. ಎಷ್ಟೋ ತಿಂಗಳ ಮೇಲೆ ಅವತ್ತು ಅವಳಿಗೆ ಊಟ ರುಚಿಸಿತು.