ಬೆಳ್ಳಿ ಮುಚ್ಚಳದೊಳಗಿನ ಬಂಗಡೆ

ಟಣ್ ಎಂದು ವೇಟರ್ ಬೆಳ್ಳಿ ಮುಚ್ಚಳ ಎತ್ತಿದ ಸದ್ದು ಇನ್ನೂ ಕಿವಿಯಲ್ಲಿದೆ. ಮುರ್ಡೇಶ್ವರದ ಆ ಪಾಶ್ ರೆಸ್ಟೋರೆಂಟಿನ ತಟ್ಟೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಬಂಗಡೆ, ಮೇಲೆ ಸೋಪಿನಂಥ ನೊರೆ. ಮೀನಿಗೆ ಸ್ನಾನ ಮಾಡಿಸಿಯೇ ಕಳಿಸಿದ್ದರು, ಸೋ ಹೈಜೀನಿಕ್.

ಕಾನ್ವೆಂಟಿನ ಗೆಳತಿ ಸುಶೀಲಾ, ಇಲ್ಲಿನ ಮೀನುಗಾರರ ಮನೆಯ ಮಗಳು, ಎಷ್ಟೋ ವರ್ಷದ ಮೇಲೆ ಮುಂಬೈನಿಂದ ಬಂದದ್ದೇ ಊರಿನ ಬಂಗಡೆ ಸಾರು ಉಣ್ಣಲು. ನಾನೇ ಟ್ರೀಟ್ ಎಂದು ಕರೆದೊಯ್ದಿದ್ದೆ.

“ಅನ್ನ ಎಲ್ಲಿ ತಮ್ಮಾ?” ಎಂದು ಅವಳು ವೇಟರನನ್ನು ಕೇಳಿದಳು.

“ಸಾರಿ ಮ್ಯಾಮ್, ಈ ಡಿಶ್‌ಗೆ ಅನ್ನ ಸೂಟ್ ಆಗಲ್ಲ.”

ಅವಳು ನನ್ನತ್ತ ತಿರುಗಿದಳು. “ಎಂತ ಮಾರಾಯ್ತಿ, ಹಸಿವೆಯೂ ಇವರನ್ನು ಕೇಳಿಯೇ ಆಗಬೇಕಾ?”

ಮರುದಿನ ಸ್ಟೇಶನ್ನಿಗೆ ಸಾರು-ಅನ್ನದ ಡಬ್ಬಿ ಒಯ್ದುಕೊಟ್ಟೆ. ರೈಲು ಹೊರಟಾಗ ಸುಶೀಲಾ ಕಿಟಕಿಯಲ್ಲಿ ಕೂತು ಮುಳ್ಳು ಬಿಡಿಸುತ್ತಿದ್ದಳು. ಟಾಟಾ ಮಾಡಲು ಕೈ ಖಾಲಿಯಿರಲಿಲ್ಲ. ನಾನು ಅವಳನ್ನು ಕಂಡದ್ದು ಅದೇ ಕೊನೆ.