ಗುಂಡಿ ಒತ್ತಿ ಆಡುತ್ತಿದ್ದ ಮಾತು

ಆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಮಾತಿನಮಲ್ಲ ಎಂದೇ. ಅವನದು ಎರಡು ಕುರ್ಚಿಗಳ ಕ್ಷೌರದಂಗಡಿ. ಒಂದರಲ್ಲಿ ಗಿರಾಕಿ, ಇನ್ನೊಂದರಲ್ಲಿ ಬರೀ ಹರಟೆಗೆಂದು ಬಂದವರು. ಕತ್ತರಿ ಒಂದು ಸಲ ಆಡಿದರೆ ನಾಲಗೆ ಹತ್ತು ಸಲ ಆಡುತ್ತಿತ್ತು. "ಇವರ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ" ಎನ್ನುತ್ತಿದ್ದಳು ಹೆಂಡತಿ. ಅವನ ಗಂಟಲಲ್ಲಿ ಗಡ್ಡೆಯೆದ್ದು, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ, ತಾನೇ ಶಾಪ ಹಾಕಿದೆನೇನೋ ಎಂದು ಅವಳು ನೆನೆನೆನೆದು ಅತ್ತಳು.

ಆಗ ಮಗಳು ಎಲ್ಲಿಂದಲೋ ಒಂದು ಹಳೇ ಫೋನು ತಂದುಕೊಟ್ಟಳು. ಅಂಗೈಯಗಲದ್ದು, ಪರದೆಯ ಕೆಳಗೆ ಸಾಲುಸಾಲು ಪುಟ್ಟ ಗುಂಡಿಗಳು. ಒತ್ತಿದರೆ ಟಕ್ಕೆಂದು ಬೆರಳಿಗೇ ಉತ್ತರ ಕೊಡುವಂಥವು. ಮೊದಮೊದಲು ತಡವರಿಸಿದ. ಬರಬರುತ್ತ ಹೆಬ್ಬೆರಳಿಗೆ ಪ್ರತಿ ಗುಂಡಿಯ ಗುರುತೂ ಹತ್ತಿತು. ಎಡಗೈಲಿ ಫೋನು ಹಿಡಿದು, ಕಣ್ಣನ್ನು ಗಿರಾಕಿಯ ಮುಖದಿಂದ ಕೀಳದೆ ಬರೆದು, ಸರಕ್ಕನೆ ಪರದೆ ತಿರುಗಿಸುತ್ತಿದ್ದ. ನಗು ಯಾವಾಗ ಒಡೆಯುತ್ತದೆಂದು ಅವನಿಗೆ ಮೊದಲಿನಷ್ಟೇ ಚೆನ್ನಾಗಿ ಗೊತ್ತಾಗುತ್ತಿತ್ತು. ಎರಡನೇ ಕುರ್ಚಿ ಮತ್ತೆ ತುಂಬಿತು.

ನಾಲ್ಕು ವರ್ಷ ಹಾಗೇ ನಡೆಯಿತು. ಆಮೇಲೆ ಗುಂಡಿಗಳು ಒಂದೊಂದಾಗಿ ಕೈಕೊಟ್ಟವು. ರಿಪೇರಿಯವನು ಫೋನನ್ನು ಬಿಚ್ಚಿ ನೋಡಿ, "ಇಂಥದ್ದನ್ನ ಈಗ ಯಾರೂ ಮಾಡಲ್ಲ ಸ್ವಾಮಿ. ಎಲ್ಲಾ ಗಾಜೇ" ಎಂದ.

ಮಗಳು ಗಾಜಿನ ಫೋನು ತಂದಳು. ಅದರಲ್ಲಿ ಬೆರಳಿಗೆ ಸಿಗುವಂಥದ್ದು ಏನೂ ಇರಲಿಲ್ಲ. ತಲೆ ತಗ್ಗಿಸಿ ಹುಡುಕಿ ಒತ್ತಬೇಕು. ಸೋಪಿನ ಕೈ ತಗುಲಿದರೆ ಅಕ್ಷರಗಳು ತಾವಾಗಿಯೇ ಕುಣಿಯುತ್ತಿದ್ದವು. ಸಾಲದ್ದಕ್ಕೆ, ಅವನು ಒಂದು ಬರೆದರೆ ಅದು ಇನ್ನೊಂದನ್ನು ಊಹಿಸಿ ಕೂರಿಸುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಅವನು ತಲೆಯೆತ್ತುವ ಹೊತ್ತಿಗೆ ಹರಟೆ ಮುಂದಿನ ಬೀದಿಗೆ ಹೋಗಿರುತ್ತಿತ್ತು.

ಅಂಥ ದಿನಗಳಲ್ಲೇ ಬಡಗಿ ಬಂದ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು. ಬಡಗಿಯ ಹೆಂಡತಿ ತೀರಿಹೋಗಿ ತಿಂಗಳೂ ಆಗಿರಲಿಲ್ಲ. ಅರ್ಧ ಮುಖಕ್ಕೆ ನೊರೆ ಇರುವಾಗಲೇ ಅವನು ಕನ್ನಡಿಯೊಳಗಿಂದ ಕೇಳಿದ: "ಅವಳು ಎದೆನೋವು ಅಂದಾಗ, ಗ್ಯಾಸು ಇರ್ಬೇಕು, ಮಲಕ್ಕೋ ಅಂದೆ ಕಣೋ. ಆಗಲೇ ಕರ್ಕೊಂಡು ಹೋಗಿದ್ರೆ ಉಳೀತಿದ್ಲು, ಅಲ್ವಾ? ನಂದೇ ತಪ್ಪಾ?"

ಅಲ್ಲವೆಂದು ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಮಾತಿನವನಿಗೆ ಅದು ಸಾಲದೆನಿಸಿತು. ಕೈ ಒರೆಸಿಕೊಂಡು ಫೋನಿನ ಮೇಲೆ ಬಗ್ಗಿದ. ಒತ್ತಿದ, ಅಳಿಸಿದ, ಮತ್ತೆ ಒತ್ತಿದ. ಕನ್ನಡಿಯಲ್ಲಿ ಬಡಗಿಗೆ ಕಂಡದ್ದು ತಗ್ಗಿದ ತಲೆಯೊಂದೇ. ಕೊನೆಗೆ ಪರದೆ ಅವನ ಮುಂದೆ ಬಂತು. 'ನಿನ್ನ ತಪ್ಪಲ್ಲ' ಎಂದು ಬರೆಯಲು ಹೊರಟಿದ್ದ ಜಾಗದಲ್ಲಿ 'ನಿನ್ನ ತಪ್ಪೆಲ್ಲ' ಎಂದಿತ್ತು.

ಬಡಗಿ ಓದಿದ. ಟವೆಲಿನಿಂದ ನೊರೆ ಒರೆಸಿಕೊಂಡು ಎದ್ದ. "ನೀನಾದ್ರೂ ನಿಜ ಹೇಳಿದ್ಯಲ್ಲ" ಎಂದು ಹೊರಟೇಬಿಟ್ಟ.

ಇವನು ಪರದೆ ನೋಡಿಕೊಂಡು ಬೀದಿಗೆ ಓಡಿದ. ಕೂಗಲು ಬಾಯಿ ತೆರೆದ. ಗಾಳಿ, ಆಪರೇಷನ್ನಿನಲ್ಲಿ ಗಂಟಲಿಗೆ ಮಾಡಿದ್ದ ತೂತಿನಿಂದ ಸುಯ್ಯೆಂದು ಹೊರಗೆ ಹೋಯಿತು, ಅಷ್ಟೇ. ಬಡಗಿ ತಿರುಗಿ ನೋಡದೆ ಬಸ್ಸು ಹತ್ತಿದ.

ಮಾರನೇ ದಿನ ಅಂಗಡಿ ಮುಚ್ಚಿ ಬಡಗಿಯ ಮನೆಗೆ ಹೋದ. ಫೋನು ತಾನಾಗಿ ತಿದ್ದಿತೆಂದು ಉದ್ದಕ್ಕೆ ಬರೆದು ತೋರಿಸಿದ. ಬಡಗಿ ಒಂದು ಹಲಗೆಯನ್ನು ಉಜ್ಜುತ್ತಿದ್ದ. "ಫೋನು ತಾನಾಗಿ ಮಾತಾಡುತ್ತಾ? ಬಿಡೋ, ಸಮಾಧಾನ ಮಾಡೋಕೆ ಬರಬೇಡ" ಎಂದು ಮತ್ತೆ ಹಲಗೆಗೆ ಬಗ್ಗಿದ. ಕೈ ಹಿಡಿದುಕೊಳ್ಳಲು ಹೋದರೆ ಮೆಲ್ಲಗೆ ಬಿಡಿಸಿಕೊಂಡ. ಗಡ್ಡ ಹಾಗೇ ಇತ್ತು. ಆಮೇಲೆ ಆ ಗಡ್ಡ ತೆಗೆಸಲು ಅವನು ಈ ಅಂಗಡಿಗೆ ಬರಲಿಲ್ಲ.

ಮಾತಿನಮಲ್ಲ ಗಾಜಿನ ಫೋನನ್ನು ಮಗಳಿಗೇ ಹಿಂತಿರುಗಿಸಿದ. ಹಳೆಯದಕ್ಕಾಗಿ ಊರೆಲ್ಲ ಅಲೆದ, ಸಿಗಲಿಲ್ಲ. ಚೀಟಿಯಲ್ಲಿ ಬರೆಯೋಣವೆಂದರೆ ಅದಕ್ಕೂ ತಲೆ ತಗ್ಗಿಸಲೇಬೇಕು. ಅಂಗಡಿಯಲ್ಲಿ ಈಗ ರೇಡಿಯೋ ಹಾಡುತ್ತದೆ. ಗಿರಾಕಿಗಳು ಅವನು ಅಲ್ಲಿಲ್ಲವೇ ಇಲ್ಲವೆಂಬಂತೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಮನೆಯಲ್ಲಿ ಅವನು ಮೇಜು ತಟ್ಟಿದರೆ ಹೆಂಡತಿ ಊಹಿಸುತ್ತಾಳೆ: "ನೀರಾ? ಫ್ಯಾನ್ ಹಾಕ್ಲಾ? ಬೆನ್ನು ನೋವಾ?"

ಅವನಿಗೆ ಹೇಳಬೇಕಾದ್ದು ಬೇರೇನೋ ಇರುತ್ತದೆ. ಮೊದಮೊದಲು ಕೈಯಾಡಿಸಿ ತಿದ್ದುತ್ತಿದ್ದ. ಈಗೀಗ ಅವಳು ತಂದ ನೀರನ್ನು ಸುಮ್ಮನೆ ಕುಡಿದುಬಿಡುತ್ತಾನೆ.