ಮುಡಿ ಕೊಟ್ಟದ್ದಲ್ಲ

ದೇವಕಿಯ ಕೂದಲು ಅವಳ ಮಾತು ಕೇಳಿದ್ದೇ ಇಲ್ಲ. ಯಲ್ಲಾಪುರದ ಕಡೆಯ ಸಿದ್ದಿ ಮನೆತನದ ಹೆಣ್ಣು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರ ಕೂದಲು ಮನೆಮಂದಿಯ ತಲೆಯ ಮೇಲೆಲ್ಲ ಹಾಗೇ ಉಳಿದಿತ್ತು, ಒತ್ತಾಗಿ, ಸುರುಳಿ ಸುರುಳಿಯಾಗಿ. ಶಾಲೆಯಲ್ಲಿ ಹಿಂದಿನ ಬೆಂಚಿನವರು ಅದರೊಳಗೆ ಪೆನ್ಸಿಲ್ ಸಿಕ್ಕಿಸಿ, ಬೀಳುತ್ತದೋ ಇಲ್ಲವೋ ಎಂದು ಪಂದ್ಯ ಕಟ್ಟುತ್ತಿದ್ದರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವಾಗ ರೂಮಿನ ಗೆಳತಿಯೊಬ್ಬಳು ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಅದನ್ನು ನೆಟ್ಟಗೆ ಮಾಡಿಕೊಟ್ಟಳು. ಅವತ್ತಿನಿಂದ ದೇವಕಿ ನೆಟ್ಟಗಿನ ಕೂದಲಿನ ಹೆಂಗಸು.

ಮೊದಲು ಬ್ರಿಸ್ಬೇನ್, ಆಮೇಲೆ ಅಡಿಲೇಡಿನ ಆಸ್ಪತ್ರೆಯಲ್ಲಿ ಕಾಯಂ ಕೆಲಸ. ಗಂಡ ಚಾಮರಾಜ ಪರ್ತ್‌ನಿಂದಾಚೆ ಗಣಿಯಲ್ಲಿ ದುಡಿದು, ನಡುನಡುವೆ ವಿಮಾನ ಹತ್ತಿ ಮನೆಗೆ ಬರುವವನು. ಅವನೂ ಸಿದ್ದಿಯೇ. ಆದರೆ ಗಂಡಸರಿಗೇನು, ಮಷಿನ್ ಹಾಕಿದರೆ ಮುಗಿಯಿತು. ದೇವಕಿಗೆ ಮಾತ್ರ ಕೂದಲು ನೆಟ್ಟಗಾಗಿಸುವ, ತಲೆ ಉರಿಸುವ ಕ್ರೀಮಿನ ಸೇವೆ ತಪ್ಪಲಿಲ್ಲ. ಕನ್ನಡ ಸಂಘದವರು ಯಾವ ಕಡೆಯವರು ಎಂದು ಕೇಳಿದರೆ ‘ಶಿರಸಿ ಕಡೆ’ ಎನ್ನುತ್ತಿದ್ದಳು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮ ಜನ ಊರು ಕೇಳುವುದು ಬರೀ ಊರು ತಿಳಿಯಲಿಕ್ಕಲ್ಲ, ಅದು ಅವಳಿಗೂ ಗೊತ್ತಿತ್ತು.

ಮಗಳು ಕೃತಿಗೆ ಎಂಟು ತುಂಬಿದಾಗ ಅವಳ ತಲೆಗೂ ಅದೇ ಕ್ರೀಮು ಹತ್ತಿತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರಲ್ಲ, ಇಲ್ಲಿ ತಾಯಿಯೇ ನೂಲು ಸುಡಲು ಕೂತಿದ್ದಳು. 2016ರ ಚಳಿಗಾಲದಲ್ಲಿ ಒಂದು ಭಾನುವಾರ ತಲೆ ತೊಳೆಯುವಾಗ ಹುಡುಗಿಯ ಕಿವಿಯ ಹಿಂದೆ ಚರ್ಮ ಸುಲಿದು ಬಂತು. ಇಷ್ಟು ಹೊತ್ತು ಯಾಕೆ ಬಾಯಿ ಬಿಡಲಿಲ್ಲ ಎಂದು ದೇವಕಿ ಗದರಿದಳು. ಚೆನ್ನಾಗಿ ಕಾಣಬೇಕಾದರೆ ಉರಿ ತಡೆದುಕೊಳ್ಳಬೇಕು ಎಂದು ನೀನೇ ಹೇಳಿದ್ದೆಯಲ್ಲ ಎಂದು ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ಊರವರ ಗಾಯಕ್ಕೆಲ್ಲ ಪಟ್ಟಿ ಕಟ್ಟುವ ನರ್ಸು ಹೆತ್ತ ಮಗಳ ತಲೆಯನ್ನು ತಾನೇ ಸುಟ್ಟಿದ್ದಳು. ನಾಚಿಕೆಯಲ್ಲಿ ಅವಳಿಗೆ ಅಳಲೂ ಆಗಲಿಲ್ಲ.

ಗಾಯ ಮಾಗಿದ ಮೇಲೆ ಇಬ್ಬರೂ ಬಚ್ಚಲ ಕನ್ನಡಿಯ ಮುಂದೆ ನಿಂತು, ಚಾಮರಾಜನ ಮಷಿನ್ನಿನಲ್ಲೇ ಹಳೆಯ ಕೂದಲನ್ನೆಲ್ಲ ತೆಗೆದರು. ಇನ್ನು ಹುಟ್ಟಿದ ಹಾಗೇ ಬೆಳೆಯಲಿ, ಯಾರು ಕೇಳಿದರೂ ನಾವು ಸಿದ್ದಿ ಜನ ಎಂದು ಹೇಳೋಣ ಎಂದು ದೇವಕಿ ಮಾತು ಕೊಟ್ಟಳು. ಕೃತಿ ಬೋಳು ತಲೆ ಸವರಿಕೊಂಡು ನಕ್ಕಳು.

ಆ ವಾರವೇ ಗ್ಲೆನೆಲ್ಗ್ ಬೀಚಿನಲ್ಲಿ ಸಂಘದ ಪಿಕ್ನಿಕ್. ಚಿತ್ರಾನ್ನ ಬಡಿಸುತ್ತಿದ್ದ ವಿಶಾಲಾಕ್ಷಿ ಆಂಟಿ, ಸಂಘಕ್ಕೆಲ್ಲ ಹಿರಿಯಕ್ಕ, ತಾಯಿ ಮಗಳ ತಲೆ ನೋಡಿ ಸೌಟು ಹಿಡಿದೇ ನಿಂತರು. ಸುತ್ತ ಇದ್ದವರೆಲ್ಲ ಇತ್ತ ತಿರುಗಿದರು.

“ಮುಡಿ ಕೊಟ್ರೇನಮ್ಮಾ? ತಿರುಪತಿನಾ?” ಎಂದರು ಆಂಟಿ.

ಹೇಳಬೇಕಾದ ಮಾತನ್ನು ದೇವಕಿ ಕಾರಿನಲ್ಲಿ ಬರುವಾಗ ಅಭ್ಯಾಸ ಕೂಡ ಮಾಡಿದ್ದಳು. ಅಷ್ಟು ಜನರ ಕಣ್ಣೆದುರು ಅದು ನಾಲಿಗೆಯ ಮೇಲೆ ಬರಲಿಲ್ಲ. “ಹೂಂ ಆಂಟಿ, ಹರಕೆ ಇತ್ತು,” ಎಂದುಬಿಟ್ಟಳು.

ತಗೊಳ್ಳಿ, ಹೆಂಗಸರು ಸುತ್ತುವರಿದರು. ಎರಡು ತಿಂಗಳಿಂದ ಸಂಘದ ಕಡೆ ಸುಳಿಯದವಳು ಊರಿಗೆ ಹೋಗಿಬಂದಳೆಂದರೆ ನಂಬದವರು ಯಾರು? ಒಬ್ಬರು ಪುಣ್ಯವಂತೆ ಎಂದರು, ಇನ್ನೊಬ್ಬರು ದರ್ಶನ ಬೇಗ ಆಯಿತೇ ಎಂದು ವಿಚಾರಿಸಿದರು, ಲಡ್ಡು ಎಲ್ಲಿ ಎಂದು ಮತ್ತೊಬ್ಬರು ಛೇಡಿಸಿದರು. ಒಂದು ಸುಳ್ಳಿನ ಹಿಂದೆ ದೇವಕಿ ಸಾಲು ಸುಳ್ಳು ಪೋಣಿಸಿದಳು. ಕೃತಿ ಜಾಕೆಟ್ಟಿನ ಟೋಪಿಯನ್ನು ತಲೆಯ ಮೇಲೆ ಎಳೆದುಕೊಂಡು ಸಮುದ್ರದ ಕಡೆ ತಿರುಗಿ ಕೂತಳು.

ಹೊರಟು ಕಾರಿನ ಹತ್ತಿರ ಬಂದಾಗ ಅವಳು ಅಮ್ಮನನ್ನು ಕೇಳಿದಳು: ಹಾಗಾದರೆ ಕೂದಲು ಬಂದ ಮೇಲೆ ಮತ್ತೆ ಕ್ರೀಮು ಹಚ್ಚಬೇಕು ಅಲ್ಲವಾ? ಇಲ್ಲದಿದ್ದರೆ ಅವರಿಗೆಲ್ಲ ಗೊತ್ತಾಗುತ್ತದಲ್ಲ? ಧ್ವನಿಯಲ್ಲಿ ಆಕ್ಷೇಪವಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ದೇವಕಿಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು.

ಮಗಳ ಕೈ ಹಿಡಿದು ವಾಪಸು ನಡೆದಳು. ಆಂಟಿ ಒಬ್ಬರೇ ಪಾತ್ರೆ ಜೋಡಿಸುತ್ತಿದ್ದರು.

“ಹರಕೆ ಅಲ್ಲ ಆಂಟಿ, ಸುಳ್ಳು ಹೇಳ್ಬಿಟ್ಟೆ. ನಾವು ಸಿದ್ದಿ ಜನ. ಇನ್ಮೇಲೆ ನಮ್ಮ ಕೂದಲು ಗುಂಗುರಾಗೇ ಬೆಳೆಯುತ್ತೆ.”

ಆಂಟಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನಂಗೆ ಮೊದಲಿಂದ್ಲೂ ಗೊತ್ತು ಕಣಮ್ಮಾ. ಎಲ್ಲರ ಮುಂದೆ ನಿಂಗೆ ಮುಜುಗರ ಆಗ್ಬಾರ್ದು ಅಂತ ನಾನೇ ತಿರುಪತಿ ಅಂದೆ.”

ಆ ಮುಖದಲ್ಲಿ ಕುಹಕವಿರಲಿಲ್ಲ, ಬರಿಯ ಅಕ್ಕರೆ. ಅದೇ ದೇವಕಿಯನ್ನು ಚುಚ್ಚಿತು.

“ಮುಜುಗರ ಪಡೋ ಅಂಥದ್ದು ಇದ್ರಲ್ಲಿ ಏನಿದೆ ಆಂಟಿ?”

ಆಂಟಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು. ಟೋಪಿಯೊಳಗಿಂದ ಮುಖವೆತ್ತಿ ಉತ್ತರಕ್ಕೆ ಕಾಯುತ್ತಿದ್ದ ಕೃತಿ ನೋಡುತ್ತಿದ್ದುದು ಆಂಟಿಯನ್ನಲ್ಲ, ಅಮ್ಮನನ್ನು.